ಕಂಪನಿಯಿಂದ ಷೇರುದಾರರ ಕೈಸೇರುವ ಹಣಕ್ಕೆ ತೆರಿಗೆ: 2025–26ನೇ ಸಾಲಿನ ಸಮಗ್ರ ಮಾರ್ಗದರ್ಶಿ

ಕಂಪನಿಯೊಂದು ತನ್ನ ಷೇರುದಾರರಿಗೆ ಹಣ ತಲುಪಿಸಲು ಹಲವು ದಾರಿಗಳಿವೆ. ಲಾಭಾಂಶ ಘೋಷಿಸಬಹುದು, ತನ್ನದೇ ಷೇರುಗಳನ್ನು ಮರುಖರೀದಿ ಮಾಡಬಹುದು, ಬೋನಸ್ ಷೇರು ಹಂಚಬಹುದು, ಬಂಡವಾಳವನ್ನು ತಗ್ಗಿಸಿ ಅದರ ಒಂದು ಪಾಲನ್ನು ಹಿಂದಿರುಗಿಸಬಹುದು, ವ್ಯವಹಾರ ಮುಚ್ಚುವಾಗ ಉಳಿದದ್ದನ್ನು ಹಂಚಿಕೊಡಬಹುದು. ಕುಟುಂಬದವರೇ ನಡೆಸುವ ಖಾಸಗಿ ಕಂಪನಿಗಳಲ್ಲಿ ಸಾಲದ ರೂಪದಲ್ಲಿ ಹಣ ಹೊರಬರುವುದೂ ಉಂಟು. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇವೆಲ್ಲ ಒಂದೇ ಬಗೆಯ ಜಮೆಯಾಗಿ ಕಾಣುತ್ತವೆ. ಆದಾಯ ತೆರಿಗೆ ಕಾಯ್ದೆ ಮಾತ್ರ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಹೀಗಾಗಿ ಹಣ ಯಾವ ರೂಪದಲ್ಲಿ ಬಂತು ಎಂಬುದನ್ನು ಮೊದಲು ಗುರುತಿಸಿಕೊಂಡು, ಲೆಕ್ಕಕ್ಕೆ ಆಮೇಲೆ ಕೂರುವುದು ಸರಿಯಾದ ಕ್ರಮ.

ಇಲ್ಲಿ ಹೇಳಿರುವುದು 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗೆ ಬಂದ ಆದಾಯದ ವಿಚಾರ. ಈ ಅವಧಿಗೆ 1961ರ ಆದಾಯ ತೆರಿಗೆ ಕಾಯ್ದೆಯೇ ಅನ್ವಯಿಸುತ್ತದೆ. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಆಚೆಗಿನ ಆದಾಯಕ್ಕೆ ಸಂಬಂಧಿಸಿದ್ದು, ಅದರಲ್ಲಿ ಸೆಕ್ಷನ್‌ಗಳ ಸಂಖ್ಯೆಗಳು ಬದಲಾಗಿವೆ.

ತೆರಿಗೆ ಕಟ್ಟುವವರು ಯಾರು?

ಲಾಭಾಂಶಕ್ಕೆ ತೆರಿಗೆ ಇಲ್ಲ ಎಂಬ ನಂಬಿಕೆ ಹಿರಿಯ ಹೂಡಿಕೆದಾರರಲ್ಲಿ ಇಂದಿಗೂ ಉಳಿದಿದೆ, ಮತ್ತು ಅದಕ್ಕೆ ಕಾರಣವೂ ಇದೆ. 1997ರಲ್ಲಿ ಜಾರಿಗೆ ಬಂದ ಲಾಭಾಂಶ ವಿತರಣಾ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು; ನಡುವೆ ಒಂದು ವರ್ಷದ ಬಿಡುವನ್ನು ಹೊರತುಪಡಿಸಿದರೆ ಆ ಪದ್ಧತಿ 2020ರ ಮಾರ್ಚ್‌ವರೆಗೂ ನಡೆಯಿತು. ಕೊನೆಯ ವರ್ಷಗಳಲ್ಲಿ ಅದರ ದರ, ಸರ್ಚಾರ್ಜ್ ಮತ್ತು ಸೆಸ್ ಸೇರಿ, ಶೇ 20.56ರಷ್ಟಿತ್ತು. ಷೇರುದಾರರ ಕೈಗೆ ಬರುವ ಹೊತ್ತಿಗೆ ತೆರಿಗೆ ಕಳೆದೇ ಹೋಗಿರುತ್ತಿದ್ದುದರಿಂದ ಅವರು ಲೆಕ್ಕ ಕೊಡಬೇಕಾಗಿರಲಿಲ್ಲ. ವರ್ಷಕ್ಕೆ 10 ಲಕ್ಷ ರೂಪಾಯಿಗಿಂತ ಹೆಚ್ಚು ಲಾಭಾಂಶ ಪಡೆಯುವವರು ಮಾತ್ರ, 2016ರ ನಂತರ, ಹೆಚ್ಚುವರಿ ಮೊತ್ತಕ್ಕೆ ಶೇ 10ರಷ್ಟು ಕಟ್ಟುತ್ತಿದ್ದರು. ತೆರಿಗೆಯ ಮಿತಿಯೊಳಗೇ ಬಾರದ ಪಿಂಚಣಿದಾರರ ಪಾಲಿನ ಲಾಭದಿಂದಲೂ ಅಷ್ಟೇ ಪ್ರಮಾಣದ ತೆರಿಗೆ ಕಡಿತವಾಗುತ್ತಿದ್ದ ಆ ವ್ಯವಸ್ಥೆ ನ್ಯಾಯಯುತವಾಗಿರಲಿಲ್ಲವೆಂದೇ ನನ್ನ ಅಭಿಪ್ರಾಯ. 2020ರ ಏಪ್ರಿಲ್ 1ರಿಂದ ತೆರಿಗೆಯ ಹೊಣೆ ಷೇರುದಾರರಿಗೆ ವರ್ಗವಾಗಿದೆ. ಅವರವರ ಆದಾಯದ ಮೆಟ್ಟಿಲಿಗೆ, ಅಂದರೆ ಸ್ಲ್ಯಾಬ್‌ಗೆ ತಕ್ಕಂತೆ ತೆರಿಗೆ ಬೀಳುತ್ತದೆ.

ಹಂತ 1: ದಾಖಲೆಗಳನ್ನು ಒಟ್ಟುಮಾಡಿ

ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ಗೆ ಲಾಗಿನ್ ಆಗಿ ವಾರ್ಷಿಕ ಮಾಹಿತಿ ವಿವರಣೆಯನ್ನು, ಅಂದರೆ ಎಐಎಸ್ ಅನ್ನು, ಜೊತೆಗೆ ಫಾರಂ 26ಎಎಸ್ ಅನ್ನು ಡೌನ್‌ಲೋಡ್ ಮಾಡಿಕೊಳ್ಳಿ. 26ಎಎಸ್‌ನಲ್ಲಿ ತೆರಿಗೆ ಕಡಿತವಾದ ಮೊತ್ತಗಳು ಮಾತ್ರ ಕಾಣುತ್ತವೆ. ಎಐಎಸ್‌ನಲ್ಲಿ ತೆರಿಗೆ ಕಡಿತವಾಗದ ಸಣ್ಣ ಲಾಭಾಂಶಗಳೂ ಕಂಪನಿವಾರು ದಾಖಲಾಗಿರುತ್ತವೆ. ಇವೆರಡನ್ನೂ ಬ್ಯಾಂಕ್ ಖಾತೆಯ ಜಮೆಗಳೊಂದಿಗೆ ತಾಳೆ ನೋಡಬೇಕು. ಹಾಗೆ ನೋಡುವಾಗ ನೆನಪಿನಲ್ಲಿಡಬೇಕಾದ ಸಂಗತಿಯೆಂದರೆ, ಬ್ಯಾಂಕಿಗೆ ಬರುವುದು ಟಿಡಿಎಸ್, ಅಂದರೆ ಕಂಪನಿ ಪಾವತಿಸುವಾಗಲೇ ಕಡಿತ ಮಾಡುವ ತೆರಿಗೆ, ಕಳೆದು ಉಳಿದ ಹಣ. 13,500 ರೂಪಾಯಿ ಜಮೆಯಾಗಿ 1,500 ರೂಪಾಯಿ ಕಡಿತವಾಗಿದ್ದರೆ ನಿಮ್ಮ ಆದಾಯ 15,000 ರೂಪಾಯಿ. ಪಾಸ್‌ಬುಕ್ ಒಂದನ್ನೇ ನೋಡಿ ಲೆಕ್ಕ ಬರೆದವರು ಆದಾಯವನ್ನು ಕಡಿಮೆ ತೋರಿಸಿದಂತಾಗುತ್ತದೆ.

ಹಂತ 2: ಲಾಭಾಂಶ ಯಾವ ವರ್ಷದ್ದು, ಯಾವ ಅವಧಿಯದ್ದು ಎಂದು ಗುರುತಿಸಿ

ಲಾಭಾಂಶದಲ್ಲಿ ಎರಡು ಬಗೆ. ವಾರ್ಷಿಕ ಮಹಾಸಭೆಯಲ್ಲಿ ಷೇರುದಾರರು ಒಪ್ಪಿದ ಅಂತಿಮ ಲಾಭಾಂಶ, ಅದು ಘೋಷಣೆಯಾದ ವರ್ಷದ ಆದಾಯವೆನಿಸುತ್ತದೆ. ನಿರ್ದೇಶಕ ಮಂಡಳಿ ವರ್ಷದ ನಡುವೆ ಕೊಡುವ ಮಧ್ಯಂತರ ಲಾಭಾಂಶ, ಅದು ಯಾವ ಷರತ್ತೂ ಇಲ್ಲದೆ ನಿಮ್ಮ ಕೈಗೆ ಸಿಗುವಂತಾದ ವರ್ಷಕ್ಕೆ ಸೇರುತ್ತದೆ. ಮಾರ್ಚ್ ಕೊನೆಯ ವಾರದಲ್ಲಿ ಘೋಷಣೆಯಾಗಿ ಏಪ್ರಿಲ್‌ನಲ್ಲಿ ಪಾವತಿಯಾಗುವ ಮಧ್ಯಂತರ ಲಾಭಾಂಶದ ವಿಷಯದಲ್ಲಿ ಈ ವ್ಯತ್ಯಾಸ ಮುಖ್ಯವಾಗುತ್ತದೆ.

ಬೆಂಗಳೂರಿನ ಇನ್ಫೊಸಿಸ್‌ನದೇ ಉದಾಹರಣೆ ನೋಡೋಣ. 2025ರ ಜೂನ್‌ನ ಮಹಾಸಭೆಯ ನಂತರ ಕಂಪನಿ ಪ್ರತಿ ಷೇರಿಗೆ 22 ರೂಪಾಯಿ ಅಂತಿಮ ಲಾಭಾಂಶವನ್ನೂ, ಅದೇ ವರ್ಷದ ನವೆಂಬರ್‌ನಲ್ಲಿ 23 ರೂಪಾಯಿ ಮಧ್ಯಂತರ ಲಾಭಾಂಶವನ್ನೂ ಕೊಟ್ಟಿತು. 200 ಷೇರು ಇದ್ದವರಿಗೆ ಮೊದಲು 4,400, ಆಮೇಲೆ 4,600, ಒಟ್ಟು 9,000 ರೂಪಾಯಿ ಬಂತು. ರಿಟರ್ನ್ಸ್ ನಮೂನೆಯಲ್ಲಿ ಲಾಭಾಂಶವನ್ನು ಐದು ಅವಧಿಗಳಾಗಿ ಒಡೆದು ತುಂಬಬೇಕು: ಜೂನ್ 15ರವರೆಗೆ, ಜೂನ್ 16ರಿಂದ ಸೆಪ್ಟೆಂಬರ್ 15, ಸೆಪ್ಟೆಂಬರ್ 16ರಿಂದ ಡಿಸೆಂಬರ್ 15, ಡಿಸೆಂಬರ್ 16ರಿಂದ ಮಾರ್ಚ್ 15, ಕೊನೆಗೆ ಮಾರ್ಚ್ 16ರಿಂದ 31. ಈ ಷೇರುದಾರರ 4,400 ರೂಪಾಯಿ ಎರಡನೆಯ ಅಂಕಣಕ್ಕೂ 4,600 ರೂಪಾಯಿ ಮೂರನೆಯ ಅಂಕಣಕ್ಕೂ ಹೋಗುತ್ತದೆ. ಹೀಗೆ ಒಡೆದು ಬರೆಯುವುದು ಕಿರಿಕಿರಿಯೆನಿಸಿದರೂ ಮುಂಗಡ ತೆರಿಗೆಯ ಬಡ್ಡಿಯಿಂದ ನಿಮ್ಮನ್ನು ಉಳಿಸುವುದು ಇದೇ. ಆ ವಿಚಾರ ಮುಂದೆ ಬರುತ್ತದೆ.

ಹಂತ 3: ಟಿಡಿಎಸ್ ಪರಿಶೀಲಿಸಿ

ದೇಶದ ನಿವಾಸಿ ವ್ಯಕ್ತಿಗೆ ಒಂದು ಕಂಪನಿ ಒಂದು ಹಣಕಾಸು ವರ್ಷದಲ್ಲಿ ಕೊಡುವ ಲಾಭಾಂಶ 10,000 ರೂಪಾಯಿ ದಾಟಿದರೆ ಸೆಕ್ಷನ್ 194ರ ಪ್ರಕಾರ ಶೇ 10ರಷ್ಟು ತೆರಿಗೆ ಕಡಿತವಾಗುತ್ತದೆ. ಈ ಮಿತಿ 2025ರ ಮಾರ್ಚ್‌ವರೆಗೆ 5,000 ರೂಪಾಯಿ ಇತ್ತು. ಪ್ಯಾನ್ ಕೊಡದಿದ್ದರೆ ಕಡಿತದ ದರ ಶೇ 20. ಮೇಲಿನ ಉದಾಹರಣೆಯ 9,000 ರೂಪಾಯಿಗೆ ಟಿಡಿಎಸ್ ಇಲ್ಲ, ಆದರೆ ಅದಕ್ಕೆ ತೆರಿಗೆ ಇದ್ದೇ ಇದೆ. ಕಡಿತವಾಗಿಲ್ಲವೆಂದರೆ ತೋರಿಸಬೇಕಾಗಿಲ್ಲ ಎಂದು ತಿಳಿದು ಬಿಟ್ಟುಬಿಡುವವರು ಬಹಳ ಮಂದಿ. ಎಐಎಸ್ ಬಂದ ಮೇಲೆ ಇಲಾಖೆಯಿಂದ ಸಂದೇಶ ಬರುವುದು ಹೆಚ್ಚಾಗಿ ಇಂಥ ಸಣ್ಣ ಮೊತ್ತಗಳಿಗಾಗಿಯೇ.

ವರ್ಷದ ಒಟ್ಟು ತೆರಿಗೆ ಶೂನ್ಯವಾಗುತ್ತದೆ ಎನ್ನುವ ನಿವಾಸಿಗಳು ಕಡಿತ ಬೇಡವೆಂದು ಮೊದಲೇ ಘೋಷಣೆ ಕೊಡಬಹುದು. 60 ವರ್ಷ ತುಂಬಿದವರಿಗೆ ಫಾರಂ 15ಎಚ್, ಉಳಿದವರಿಗೆ 15ಜಿ. 15ಜಿ ಕೊಡುವವರಿಗೆ ಇನ್ನೊಂದು ಷರತ್ತಿದೆ: ಲಾಭಾಂಶ, ಬಡ್ಡಿ ಮೊದಲಾದ ಇಂಥ ಆದಾಯಗಳ ಮೊತ್ತ ಮೂಲ ವಿನಾಯಿತಿ ಮಿತಿಯನ್ನು ಮೀರಬಾರದು. ಇವನ್ನು ಬ್ಯಾಂಕಿಗೆ ಕೊಟ್ಟರೆ ಸಾಲದು. ಪ್ರತಿ ಕಂಪನಿಯ ಷೇರುದಾರರ ಪಟ್ಟಿ ನೋಡಿಕೊಳ್ಳುವ ರಿಜಿಸ್ಟ್ರಾರ್‌ಗೆ, ರೆಕಾರ್ಡ್ ದಿನದ (ಲಾಭಾಂಶ ಯಾರಿಗೆ ಸಲ್ಲಬೇಕೆಂದು ನಿರ್ಧರಿಸುವ ದಿನ) ಆಸುಪಾಸಿನಲ್ಲಿ ಅವರು ತಿಳಿಸಿದ ಗಡುವಿನೊಳಗೆ, ಬೇರೆ ಬೇರೆಯಾಗಿ ಸಲ್ಲಿಸಬೇಕು.

ಹಂತ 4: ಲಾಭಾಂಶದ ತೆರಿಗೆ ಲೆಕ್ಕ ಹಾಕಿ

ಲಾಭಾಂಶ 'ಇತರ ಮೂಲಗಳ ಆದಾಯ' ಎಂಬ ಶೀರ್ಷಿಕೆಯಡಿ ಬಂದು ಸಂಬಳ, ಪಿಂಚಣಿ, ಬಡ್ಡಿಯೊಂದಿಗೆ ಕೂಡಿಕೊಳ್ಳುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 2025–26ಕ್ಕೆ 4 ಲಕ್ಷದವರೆಗೆ ತೆರಿಗೆಯಿಲ್ಲ. ಆಮೇಲೆ ಪ್ರತಿ 4 ಲಕ್ಷಕ್ಕೊಂದು ಮೆಟ್ಟಿಲಿನಂತೆ ಶೇ 5, 10, 15, 20, 25, ಮತ್ತು 24 ಲಕ್ಷದಾಚೆ ಶೇ 30. ಇದರ ಮೇಲೆ ಶೇ 4 ಸೆಸ್. ಒಟ್ಟು ಆದಾಯ 12 ಲಕ್ಷದೊಳಗಿದ್ದರೆ ಸೆಕ್ಷನ್ 87ಎ ರಿಯಾಯಿತಿಯಿಂದ ನಿವಾಸಿಗಳ ತೆರಿಗೆ ಶೂನ್ಯವಾಗುತ್ತದೆ. ಷೇರು ಮಾರಾಟದ ಗಳಿಕೆಯಂಥ ವಿಶೇಷ ದರದ ಆದಾಯಕ್ಕೆ ಈ ರಿಯಾಯಿತಿ ಸಿಗುವುದಿಲ್ಲ. ಲಾಭಾಂಶ ಸಾಮಾನ್ಯ ಸ್ಲ್ಯಾಬ್‌ಗೆ ಸೇರಿದ್ದರಿಂದ ಸಿಗುತ್ತದೆ. ವರ್ಷಕ್ಕೆ 9 ಲಕ್ಷ ಪಿಂಚಣಿ ಮತ್ತು 60,000 ರೂಪಾಯಿ ಲಾಭಾಂಶ ಇರುವ ನಿವೃತ್ತರೊಬ್ಬರು ರಿಟರ್ನ್ಸ್ ಸಲ್ಲಿಸಿದರೆ, ಕಡಿತವಾದ ಟಿಡಿಎಸ್ ಪೂರ್ತಿ ವಾಪಸು ಬರುತ್ತದೆ.

ಷೇರು ಕೊಳ್ಳಲು ಸಾಲ ಮಾಡಿದ್ದರೆ ಅದರ ಬಡ್ಡಿಯನ್ನು ಲಾಭಾಂಶದ ಶೇ 20ರ ಮಿತಿಯಲ್ಲಿ ಕಳೆಯಬಹುದು. 50,000 ರೂಪಾಯಿ ಲಾಭಾಂಶಕ್ಕೆ 40,000 ಬಡ್ಡಿ ಕಟ್ಟಿದ್ದರೂ ಸಿಗುವುದು 10,000 ಮಾತ್ರ. ಡಿಮ್ಯಾಟ್ ಶುಲ್ಕ, ಸಲಹೆಗಾರರ ಸಂಭಾವನೆ ಯಾವುದನ್ನೂ ಕಳೆಯುವಂತಿಲ್ಲ. ಬಡ್ಡಿಯ ಈ ಕಡಿತವನ್ನೂ 2026ರ ಏಪ್ರಿಲ್‌ನಿಂದ ತೆಗೆದುಹಾಕುವ ಪ್ರಸ್ತಾವ 2026ರ ಬಜೆಟ್‌ನಲ್ಲಿ ಮಂಡನೆಯಾಗಿದೆ. ಆದಾಯ 50 ಲಕ್ಷ ಮೀರಿದವರಿಗೆ ಸರ್ಚಾರ್ಜ್ ಇದ್ದರೂ, ಲಾಭಾಂಶದ ಪಾಲಿನ ಮೇಲೆ ಅದು ಶೇ 15ಕ್ಕಿಂತ ಹೆಚ್ಚಾಗುವುದಿಲ್ಲ.

ಹೆಂಡತಿ ಅಥವಾ ಗಂಡನಿಗೆ ಉಡುಗೊರೆಯಾಗಿ ಕೊಟ್ಟ ಷೇರಿನ ಲಾಭಾಂಶ, ಕೊಟ್ಟವರ ಆದಾಯಕ್ಕೇ ಸೇರುತ್ತದೆ. ಅಪ್ರಾಪ್ತ ಮಕ್ಕಳ ಹೆಸರಿನ ಲಾಭಾಂಶ, ತಂದೆ-ತಾಯಿಯರಲ್ಲಿ ಹೆಚ್ಚು ಆದಾಯ ಇರುವವರ ಲೆಕ್ಕಕ್ಕೆ ಹೋಗುತ್ತದೆ.

ಹಂತ 5: ಮರುಖರೀದಿಯ ಹಣವನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ

ಎಲ್ಲಕ್ಕಿಂತ ಹೆಚ್ಚು ಗೊಂದಲ ಇರುವುದು ಇಲ್ಲಿಯೇ, ಆದ್ದರಿಂದ ಇದನ್ನು ನಿಧಾನವಾಗಿ ನೋಡಬೇಕು. 2024ರ ಸೆಪ್ಟೆಂಬರ್ 30ರವರೆಗೆ ಮರುಖರೀದಿಯ ತೆರಿಗೆಯನ್ನು ಕಂಪನಿ ಕಟ್ಟುತ್ತಿತ್ತು. ಷೇರುದಾರರಿಗೆ ಬಂದ ಹಣ ತೆರಿಗೆಮುಕ್ತವಾಗಿತ್ತು. 2024ರ ಅಕ್ಟೋಬರ್ 1ರಿಂದ ಜಾರಿಯಾದ ಸೆಕ್ಷನ್ 2(22)(ಎಫ್) ಪ್ರಕಾರ, ಮರುಖರೀದಿಯಲ್ಲಿ ಕೈಸೇರಿದ ಇಡೀ ಮೊತ್ತ ಲಾಭಾಂಶವೆನಿಸುತ್ತದೆ. ಷೇರಿಗೆ ನೀವು ಕೊಟ್ಟಿದ್ದ ಬೆಲೆಯನ್ನು ಅದರಿಂದ ಕಳೆಯುವಂತಿಲ್ಲ, ಬಡ್ಡಿಯ ಶೇ 20ರ ಕಡಿತವೂ ಇಲ್ಲಿಲ್ಲ. ಕೊಟ್ಟ ಬೆಲೆ ಬೇರೊಂದು ಕಡೆ ಲೆಕ್ಕಕ್ಕೆ ಬರುತ್ತದೆ: ಷೇರನ್ನು ಸೊನ್ನೆ ರೂಪಾಯಿಗೆ ಮಾರಿದಂತೆ ಪರಿಗಣಿಸಿ, ಖರೀದಿ ಬೆಲೆಯಷ್ಟನ್ನೂ ಬಂಡವಾಳ ನಷ್ಟವೆಂದು ತೋರಿಸಲು ಸೆಕ್ಷನ್ 46ಎ ಅವಕಾಶ ಕೊಡುತ್ತದೆ. ಈ ನಷ್ಟವನ್ನು ಲಾಭಾಂಶಕ್ಕೆ ಎದುರಾಗಿ ಹೊಂದಿಸುವಂತಿಲ್ಲ; ಇತರ ಬಂಡವಾಳ ಗಳಿಕೆಗೆ ಮಾತ್ರ ಹೊಂದಿಸಬಹುದು, ಉಳಿದದ್ದನ್ನು ಮುಂದಿನ 8 ವರ್ಷಗಳವರೆಗೆ ಒಯ್ಯಬಹುದು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದ, ಷೇರುಪೇಟೆಯಲ್ಲಿ ನೋಂದಾಯಿತ ಷೇರಿನ ನಷ್ಟ ದೀರ್ಘಾವಧಿಯದ್ದಾಗಿ, ದೀರ್ಘಾವಧಿ ಗಳಿಕೆಗಷ್ಟೇ ಹೊಂದಿಕೆಯಾಗುತ್ತದೆ.

2025ರ ನವೆಂಬರ್‌ನಲ್ಲಿ ಇನ್ಫೊಸಿಸ್ ಪ್ರತಿ ಷೇರಿಗೆ 1,800 ರೂಪಾಯಿಯಂತೆ 18,000 ಕೋಟಿ ರೂಪಾಯಿಯ ಮರುಖರೀದಿ ನಡೆಸಿತು. ಪ್ರವರ್ತಕರು, ಅಂದರೆ ಕಂಪನಿಯ ಸ್ಥಾಪಕರು ಮತ್ತು ಅವರ ಕುಟುಂಬದವರು, ಅದರಲ್ಲಿ ಭಾಗವಹಿಸಲಿಲ್ಲ. ಒಬ್ಬರು ಹಲವು ವರ್ಷಗಳ ಹಿಂದೆ 1,200 ರೂಪಾಯಿಗೆ ಕೊಂಡ ಷೇರುಗಳಲ್ಲಿ 50 ಷೇರು ಸ್ವೀಕೃತವಾದವು ಎಂದುಕೊಳ್ಳಿ. ಬಂದದ್ದು 90,000 ರೂಪಾಯಿ, ಲಾಭಾಂಶವಾಗಿ ತೋರಿಸಬೇಕಾದದ್ದು ಆ 90,000 ಪೂರ್ತಿ, ಟಿಡಿಎಸ್ 9,000, ದೀರ್ಘಾವಧಿ ನಷ್ಟ 60,000. ಅದೇ ಷೇರುಗಳನ್ನು ಮಾರುಕಟ್ಟೆಯಲ್ಲಿ 1,500ಕ್ಕೆ ಮಾರಿದ್ದರೆ 75,000 ಬರುತ್ತಿತ್ತು. 15,000 ರೂಪಾಯಿ ಗಳಿಕೆ, ದೀರ್ಘಾವಧಿ ಗಳಿಕೆಗಿರುವ 1.25 ಲಕ್ಷದ ವಾರ್ಷಿಕ ವಿನಾಯಿತಿಯೊಳಗೆ ಕರಗಿಹೋಗುತ್ತಿತ್ತು.

ಶೇ 30ರ ಸ್ಲ್ಯಾಬ್‌ನವರಿಗೆ 90,000ದ ಮೇಲಿನ ತೆರಿಗೆ ಸೆಸ್ ಸೇರಿ 28,080. ಕೈಯಲ್ಲಿ ಉಳಿಯುವುದು 61,920. ನಷ್ಟವನ್ನು ಹೊಂದಿಸಲು ತೆರಿಗೆಗೊಳಪಡುವ ದೀರ್ಘಾವಧಿ ಗಳಿಕೆ ಇದ್ದರೆ ಶೇ 12.5ರ ದರದಲ್ಲಿ, ಸೆಸ್ ಸೇರಿ, ಇನ್ನೂ 7,800 ಉಳಿತಾಯವಾಗಿ 69,720 ಆಗುತ್ತದೆ. ಮಾರುಕಟ್ಟೆಯ 75,000ಕ್ಕಿಂತ ಇದು ಕಡಿಮೆಯೇ. ಶೇ 20ರ ಸ್ಲ್ಯಾಬ್‌ನವರಿಗೆ ಉಳಿಯುವುದು 71,280. ನಷ್ಟ ಉಪಯೋಗಕ್ಕೆ ಬಂದರೆ 79,080. ಅಂದರೆ ಅವರ ಲಾಭ-ನಷ್ಟ ನಿಂತಿರುವುದು ಬೇರೆ ಗಳಿಕೆ ಇದೆಯೇ ಇಲ್ಲವೇ ಎಂಬುದರ ಮೇಲೆ. ಮರುಖರೀದಿಯ ಹಣ ಸೇರಿಯೂ 12 ಲಕ್ಷದೊಳಗಿದ್ದು ರಿಯಾಯಿತಿ ಪಡೆಯುವವರಿಗಾದರೆ 90,000 ಪೂರ್ತಿ ಉಳಿಯುತ್ತದೆ, ಮೇಲೆ 60,000ದ ನಷ್ಟವನ್ನು ಮುಂದಕ್ಕೊಯ್ಯುವ ಹಕ್ಕೂ ಸಿಗುತ್ತದೆ. 1,800 ಎಂಬ ಬೆಲೆಯನ್ನು ಮಾತ್ರ ಕಂಡು ಅರ್ಜಿ ಹಾಕುವ ಮೊದಲು ಈ ಲೆಕ್ಕವನ್ನು ಪ್ರತಿಯೊಬ್ಬರೂ ತಮ್ಮ ಸ್ಲ್ಯಾಬ್ ಇಟ್ಟುಕೊಂಡು ಮಾಡಲೇಬೇಕು.

2026ರ ಫೆಬ್ರವರಿ 1ರ ಬಜೆಟ್‌ನಲ್ಲಿ ಇದನ್ನು ಮತ್ತೆ ಬದಲಿಸಿ, 2026ರ ಏಪ್ರಿಲ್‌ನಿಂದ ಮರುಖರೀದಿಯ ಹಣವನ್ನು ಬಂಡವಾಳ ಗಳಿಕೆಯಾಗಿ ಪರಿಗಣಿಸುವ, ಪ್ರವರ್ತಕರಿಗೆ ಮಾತ್ರ ಹೆಚ್ಚುವರಿ ತೆರಿಗೆ ವಿಧಿಸುವ ಪ್ರಸ್ತಾವ ಮಂಡನೆಯಾಯಿತು. 2025–26ರಲ್ಲಿ ಹಣ ಪಡೆದವರಿಗೆ ಇದು ಅನ್ವಯವಾಗದು. ಅವರು ಮೇಲಿನ ರೀತಿಯಲ್ಲೇ ಲೆಕ್ಕ ಕೊಡಬೇಕು.

ಹಂತ 6: ಖಾಸಗಿ ಕಂಪನಿಯಿಂದ ಪಡೆದ ಸಾಲವನ್ನು ಪರಿಶೀಲಿಸಿ

ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಕುಟುಂಬದವರೇ ಸೇರಿ ನಡೆಸುವ ಪ್ರೈವೇಟ್ ಲಿಮಿಟೆಡ್ ಕಂಪನಿಗಳಲ್ಲಿ ಕಂಪನಿಯ ಹಣ ಮತ್ತು ಮನೆಯ ಹಣದ ನಡುವಿನ ಗೆರೆ ಸುಲಭವಾಗಿ ಅಳಿಸಿಹೋಗುತ್ತದೆ. ಸೆಕ್ಷನ್ 2(22)(ಇ) ಇರುವುದು ಇಂಥ ಸಂದರ್ಭಕ್ಕೆ. ಶೇ 10 ಅಥವಾ ಹೆಚ್ಚಿನ ಮತದಾನದ ಹಕ್ಕಿರುವ ಷೇರುದಾರರಿಗೆ, ಅಥವಾ ಅವರಿಗೆ ಗಣನೀಯ ಪಾಲಿರುವ ಮತ್ತೊಂದು ಸಂಸ್ಥೆಗೆ, ಇಂಥ ಕಂಪನಿ ಸಾಲವನ್ನಾಗಲಿ ಮುಂಗಡವನ್ನಾಗಲಿ ಕೊಟ್ಟರೆ, ಕಂಪನಿಯ ಬಳಿ ಇರುವ ಸಂಚಿತ ಲಾಭದ ಮಟ್ಟಿಗೆ ಅದು ಲಾಭಾಂಶವೆನಿಸುತ್ತದೆ. ಶೇ 40ರ ಪಾಲುದಾರರೊಬ್ಬರು ಮಗಳ ಮದುವೆಗೆಂದು 30 ಲಕ್ಷ ತೆಗೆದುಕೊಂಡರು, ಆಗ ಕಂಪನಿಯ ಸಂಚಿತ ಲಾಭ 22 ಲಕ್ಷ ಇತ್ತು ಎಂದಾದರೆ, 22 ಲಕ್ಷಕ್ಕೆ ಅವರ ಸ್ಲ್ಯಾಬ್‌ನಂತೆ ತೆರಿಗೆ ಬೀಳುತ್ತದೆ. ಕಂಪನಿ ಶೇ 10 ಟಿಡಿಎಸ್ ಕಡಿತ ಮಾಡಬೇಕು.

ಮಾರ್ಚ್‌ಗೆ ಮೊದಲು ಸಾಲ ತೀರಿಸಿಬಿಟ್ಟರೆ ಸಾಕು ಎಂಬ ಮಾತು ಚಾಲ್ತಿಯಲ್ಲಿದೆ. ಅದನ್ನು ನಂಬಬೇಡಿ. ತಾರುಲತಾ ಶ್ಯಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1977ರಲ್ಲೇ, ವರ್ಷದೊಳಗೆ ಹಿಂದಿರುಗಿಸಿದರೂ ತೆರಿಗೆ ತಪ್ಪುವುದಿಲ್ಲ ಎಂದು ತೀರ್ಪು ನೀಡಿದೆ. ವಿನಾಯಿತಿಗಳೂ ಇವೆ: ಸಾಲ ಕೊಡುವುದೇ ಕಂಪನಿಯ ವ್ಯವಹಾರದ ಗಣನೀಯ ಭಾಗವಾಗಿದ್ದು ಆ ವ್ಯವಹಾರದ ಕ್ರಮದಲ್ಲೇ ಕೊಟ್ಟ ಸಾಲ, ಮತ್ತು ನೇರ ತೆರಿಗೆಗಳ ಕೇಂದ್ರೀಯ ಮಂಡಳಿಯ 2017ರ 19ನೇ ಸುತ್ತೋಲೆಯಂತೆ ನಿಜವಾದ ವ್ಯಾಪಾರದ ಮುಂಗಡ. ಮುಂದೆ ಕಂಪನಿ ಲಾಭಾಂಶ ಘೋಷಿಸಿ ಅದನ್ನು ಈ ಸಾಲಕ್ಕೆ ವಜಾ ಮಾಡಿಕೊಂಡರೆ, ವಜಾ ಆದಷ್ಟಕ್ಕೆ ಎರಡನೆಯ ಬಾರಿ ತೆರಿಗೆ ಇಲ್ಲ. ಹಣ ಬೇಕಿದ್ದರೆ ಸಂಬಳವನ್ನೋ ಲಾಭಾಂಶವನ್ನೋ ನೇರವಾಗಿ ಪಡೆಯುವುದೇ ಕ್ಷೇಮ.

ಹಂತ 7: ಬೋನಸ್, ಬಂಡವಾಳ ಇಳಿಕೆ, ಸಮಾಪನೆ

ಸಾಮಾನ್ಯ ಷೇರುದಾರರಿಗೆ ಬಂದ ಬೋನಸ್ ಷೇರಿಗೆ ಬಂದಾಗ ತೆರಿಗೆ ಇಲ್ಲ. ಅದರ ಖರೀದಿ ಬೆಲೆ ಸೊನ್ನೆ. ಹೀಗಾಗಿ ಮಾರಿದಾಗ ಬಂದದ್ದೆಲ್ಲ ಗಳಿಕೆ. ಆದ್ಯತಾ ಷೇರುದಾರರಿಗೆ (ಲಾಭಾಂಶ ಪಡೆಯುವಲ್ಲಿ ಮೊದಲ ಹಕ್ಕಿರುವವರಿಗೆ) ಬೋನಸ್ ಕೊಟ್ಟರೆ ಮಾತ್ರ, ಸಂಚಿತ ಲಾಭದ ಮಟ್ಟಿಗೆ ಅದು ಲಾಭಾಂಶ.

ಬಂಡವಾಳ ಇಳಿಕೆಯಲ್ಲೂ ಕಂಪನಿಯ ಸಮಾಪನೆಯಲ್ಲೂ, ಅಂದರೆ ಅದನ್ನು ಮುಚ್ಚುವಾಗಲೂ, ಬಂದ ಹಣವನ್ನು ಎರಡಾಗಿ ಒಡೆಯಬೇಕು. ಸಮಾಪಕರಿಂದ 5 ಲಕ್ಷ ಬಂದು, ಅದರಲ್ಲಿ ಸಂಚಿತ ಲಾಭದ ಪಾಲು 2 ಲಕ್ಷವಾಗಿದ್ದರೆ, ಆ 2 ಲಕ್ಷ ಲಾಭಾಂಶ. ಉಳಿದ 3 ಲಕ್ಷದಿಂದ ಷೇರಿನ ಖರೀದಿ ಬೆಲೆ ಕಳೆದದ್ದು ಬಂಡವಾಳ ಗಳಿಕೆ. ಈ ವಿಂಗಡಣೆಯನ್ನು ಸಮಾಪಕರಿಂದ ಅಥವಾ ಕಂಪನಿಯಿಂದ ಲಿಖಿತವಾಗಿ ಕೇಳಿ ಪಡೆಯಿರಿ.

ಹಂತ 8: ಗಡಿಯಾಚೆಯ ಲಾಭಾಂಶ

ಬೆಂಗಳೂರಿನ ಬಹುರಾಷ್ಟ್ರೀಯ ಕಂಪನಿಗಳಲ್ಲಿ ದುಡಿಯುವ ಅನೇಕರ ಬಳಿ ಅಮೆರಿಕದ ಮಾತೃಸಂಸ್ಥೆಯ ಷೇರುಗಳಿವೆ. ಅಮೆರಿಕದ ತೆರಿಗೆ ನಿವಾಸಿಯಲ್ಲವೆಂದು ತಿಳಿಸುವ ಡಬ್ಲ್ಯು-8ಬಿಇಎನ್ ನಮೂನೆ ಕೊಟ್ಟಿದ್ದರೆ ಅವುಗಳ ಲಾಭಾಂಶದಿಂದ ಅಲ್ಲಿ ಶೇ 25ರಷ್ಟು ತೆರಿಗೆ ಕಡಿತವಾಗುತ್ತದೆ. 100 ಡಾಲರ್‌ನಲ್ಲಿ 75 ಮಾತ್ರ ಖಾತೆಗೆ ಬಂದಿದ್ದರೂ ಇಲ್ಲಿ ತೋರಿಸಬೇಕಾದ ಆದಾಯ 100 ಡಾಲರ್. ಶೇ 30ರ ಸ್ಲ್ಯಾಬ್‌ನವರಿಗೆ ಇಲ್ಲಿನ ತೆರಿಗೆ 31.20 ಡಾಲರ್, ಅಲ್ಲಿ ಕಟ್ಟಿದ 25 ಕಳೆದು 6.20 ಡಾಲರ್‌ಗೆ ಸಮನಾದ ರೂಪಾಯಿ ಕಟ್ಟಿದರೆ ಸಾಕು. ಶೇ 20ರ ಸ್ಲ್ಯಾಬ್‌ನವರಿಗೆ ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಸಿಗುವ ಜಮೆ 20.80 ಡಾಲರ್‌ಗೆ ಸೀಮಿತ, ಮಿಕ್ಕದ್ದು ವಾಪಸಾಗದು. ಈ ಜಮೆಗೆ ಫಾರಂ 67 ಸಲ್ಲಿಸಬೇಕು. ಲಾಭಾಂಶ ಪಾವತಿಯಾದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನದ ಸ್ಟೇಟ್ ಬ್ಯಾಂಕ್ ಟಿಟಿ ಖರೀದಿ ದರದಲ್ಲಿ (ಬ್ಯಾಂಕ್ ವಿದೇಶಿ ಹಣ ಕೊಳ್ಳುವ ದರ) ಡಾಲರ್ ಅನ್ನು ರೂಪಾಯಿಗೆ ಪರಿವರ್ತಿಸಬೇಕು. ವಿದೇಶಿ ಆಸ್ತಿಯ ವಿವರ ತುಂಬುವ ಶೆಡ್ಯೂಲ್ ಎಫ್‌ಎ ಮಾತ್ರ ಕ್ಯಾಲೆಂಡರ್ ವರ್ಷದ್ದು, ಅಂದರೆ 2025ರ ಜನವರಿಯಿಂದ ಡಿಸೆಂಬರ್‌ವರೆಗಿನದು.

ಇನ್ನು ಹೊರದೇಶದಲ್ಲಿರುವ ಕನ್ನಡಿಗರಿಗೆ ಇಲ್ಲಿನ ಕಂಪನಿಗಳು ಲಾಭಾಂಶ ಕೊಡುವಾಗ 10,000ದ ಮಿತಿ ಅನ್ವಯವಾಗುವುದಿಲ್ಲ. ಮೊದಲ ರೂಪಾಯಿಯಿಂದಲೇ ಶೇ 20, ಅದರ ಮೇಲೆ ಸೆಸ್ ಮತ್ತು ಅನ್ವಯವಾದರೆ ಸರ್ಚಾರ್ಜ್ ಕಡಿತವಾಗುತ್ತದೆ. ದುಬೈಯಲ್ಲೋ ಅಬುಧಾಬಿಯಲ್ಲೋ ಇರುವವರು ಆ ದೇಶದ ತೆರಿಗೆ ನಿವಾಸ ಪ್ರಮಾಣಪತ್ರವನ್ನೂ ಫಾರಂ 10ಎಫ್ ಅನ್ನೂ ರಿಜಿಸ್ಟ್ರಾರ್‌ಗೆ ಕೊಟ್ಟರೆ ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದಂತೆ ದರ ಶೇ 10ಕ್ಕೆ ಇಳಿಯುತ್ತದೆ. ಅಮೆರಿಕದಲ್ಲಿರುವ ವ್ಯಕ್ತಿಗಳಿಗೆ ಒಪ್ಪಂದದ ದರವೇ ಶೇ 25 ಆಗಿರುವುದರಿಂದ ದೇಶೀಯ ದರವೇ ಲಾಭಕರ. ಅನಿವಾಸಿಗಳಿಗೆ 87ಎ ರಿಯಾಯಿತಿ ಇಲ್ಲ.

ಹಂತ 9: ಮುಂಗಡ ತೆರಿಗೆ ಮತ್ತು ರಿಟರ್ನ್ಸ್

ಟಿಡಿಎಸ್ ಕಳೆದ ಮೇಲೂ ವರ್ಷಕ್ಕೆ 10,000 ರೂಪಾಯಿ ಅಥವಾ ಹೆಚ್ಚು ತೆರಿಗೆ ಉಳಿಯುವುದಾದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್ ಮತ್ತು ಮಾರ್ಚ್ 15ರೊಳಗೆ ಕಂತುಗಳಲ್ಲಿ ಮುಂಗಡ ತೆರಿಗೆ ಕಟ್ಟಬೇಕು. ವ್ಯಾಪಾರದ ಆದಾಯವಿಲ್ಲದ 60 ವರ್ಷ ತುಂಬಿದ ನಿವಾಸಿಗಳಿಗೆ ಇದರಿಂದ ವಿನಾಯಿತಿ ಇದೆ. ಲಾಭಾಂಶ ಯಾವಾಗ ಬರುತ್ತದೆಂದು ಮೊದಲೇ ಊಹಿಸುವುದು ಸಾಧ್ಯವಿಲ್ಲವೆಂಬುದನ್ನು ಕಾನೂನು ಒಪ್ಪಿಕೊಂಡಿದೆ: ಬಂದ ನಂತರದ ಕಂತುಗಳಲ್ಲಿ, ಕಂತು ಉಳಿದಿಲ್ಲದಿದ್ದರೆ ಮಾರ್ಚ್ 31ರೊಳಗೆ, ಆ ತೆರಿಗೆ ಕಟ್ಟಿದರೆ ಹಿಂದಿನ ಕಂತುಗಳ ಕೊರತೆಗೆ ಸೆಕ್ಷನ್ 234ಸಿ ಬಡ್ಡಿ ಬೀಳುವುದಿಲ್ಲ. ಅವಧಿವಾರು ಅಂಕಣಗಳನ್ನು ಸರಿಯಾಗಿ ತುಂಬದಿದ್ದರೆ ಈ ಅನುಕೂಲ ಕೈತಪ್ಪುತ್ತದೆ. ಕಂಪನಿಯಿಂದ ಪಡೆದ ಸಾಲವನ್ನು ಲಾಭಾಂಶವೆಂದು ಪರಿಗಣಿಸಿದಾಗ ಈ ಸೌಲಭ್ಯವಿಲ್ಲ.

ಸಂಬಳ, ಬಡ್ಡಿ ಮತ್ತು ಸಾಧಾರಣ ಲಾಭಾಂಶ ಮಾತ್ರ ಇದ್ದವರಿಗೆ ರಿಟರ್ನ್ಸ್ ನಮೂನೆ ಐಟಿಆರ್-1 ಸಾಕು. ಮರುಖರೀದಿಯ ನಷ್ಟ ತೋರಿಸಬೇಕಾದವರು, ವಿದೇಶಿ ಷೇರು ಹೊಂದಿರುವವರು, ನೋಂದಾಯಿತವಲ್ಲದ ಕಂಪನಿಯ ಷೇರು ಇರುವವರು, ಅನಿವಾಸಿಗಳು ಐಟಿಆರ್-2 ಬಳಸಬೇಕು. ವ್ಯಾಪಾರದ ಆದಾಯವೂ ಇದ್ದರೆ ಐಟಿಆರ್-3. ಮರುಖರೀದಿಯ ಮೊತ್ತಕ್ಕೆ ಇತರ ಮೂಲಗಳ ಶೆಡ್ಯೂಲ್‌ನಲ್ಲಿ ಪ್ರತ್ಯೇಕ ಸಾಲಿದೆ. ಅಲ್ಲಿ ಅದನ್ನು ಲಾಭಾಂಶವಾಗಿ ತೋರಿಸಿದ ಮೇಲಷ್ಟೇ ಬಂಡವಾಳ ಗಳಿಕೆಯ ಶೆಡ್ಯೂಲ್‌ನಲ್ಲಿ ನಷ್ಟವನ್ನು ಕೋರಬಹುದು. ಆ ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯಬೇಕಾದರೆ ಗಡುವಿನೊಳಗೇ (ಐಟಿಆರ್-2ಕ್ಕೆ 2026ರ ಜುಲೈ 31) ರಿಟರ್ನ್ಸ್ ಸಲ್ಲಿಸಿರಬೇಕು, 30 ದಿನಗಳೊಳಗೆ ಅದು ನಿಮ್ಮದೇ ಎಂದು ಪೋರ್ಟಲ್‌ನಲ್ಲಿ ದೃಢೀಕರಿಸಿಯೂ (ವೆರಿಫೈ) ಇರಬೇಕು. ತಡವಾಗಿ ಸಲ್ಲಿಸಿದ ರಿಟರ್ನ್ಸ್‌ನಲ್ಲಿ 90,000 ರೂಪಾಯಿಯ ಲಾಭಾಂಶಕ್ಕೆ ತೆರಿಗೆ ಪೂರ್ತಿ ಬೀಳುತ್ತದೆ, 60,000 ರೂಪಾಯಿಯ ನಷ್ಟ ಮಾತ್ರ ಮುಂದಕ್ಕೆ ಹೋಗುವುದಿಲ್ಲ.